ಶಾಲೆ ಬದಲಾದರೆ ಆಟವೂ ನಿಲ್ಲಬೇಕೇ? ಊರಿಗೆ ಹೊರಟ ಕ್ರೀಡಾಪಟು ಮಕ್ಕಳ ಹೆತ್ತವರಿಗೆ ಒಂದಿಷ್ಟು ಮಾಹಿತಿ

ಅಬುಧಾಬಿ: ಮೇ ತಿಂಗಳ ಒಂದು ಶನಿವಾರ ಸಂಜೆ. ಹಮ್ದಾನ್ ಸ್ಟ್ರೀಟ್‌ನ ಹೋಟೆಲೊಂದರಲ್ಲಿ ಮಸಾಲೆ ದೋಸೆಗೆ ಕಾಯುತ್ತ ಕುಳಿತಿದ್ದೆವು. ಪಕ್ಕದ ಮೇಜಿನಲ್ಲಿದ್ದ ಪರಿಚಯದವರೊಬ್ಬರು ಕುರ್ಚಿ ಎಳೆದುಕೊಂಡು ಬಂದು ಕೂತರು. ಮಂಗಳೂರು ಕಡೆಯವರು, ಇಲ್ಲಿಗೆ ಬಂದು ಹದಿನಾರು ವರ್ಷ.

"ಕಂಪನಿಯವರು ಆಗಸ್ಟ್‌ವರೆಗೆ ಮಾತ್ರ ಅಂತ ಹೇಳಿಬಿಟ್ರು. ವೀಸಾ, ಕಾರ್ಗೋ, ಬ್ಯಾಂಕು ಎಲ್ಲ ಲೆಕ್ಕ ಹಾಕಿದ್ದೇನೆ. ಮಗಳ ಓಟ ಎಂತ ಆಗ್ತದೆ ಅಂತ ಮಾತ್ರ ಗೊತ್ತಾಗ್ತಾ ಇಲ್ಲ ಮಾರಾಯ್ರೆ. ಅವಳು ಒಂದು ವಾರದಿಂದ ಸರಿಯಾಗಿ ಮಾತಾಡಿಲ್ಲ."

ಮಗಳು ಒಂಬತ್ತನೇ ತರಗತಿ. ನಾನೂರು ಮೀಟರ್ ಓಟಗಾರ್ತಿ. ಶಾಲೆಯ ತಂಡಕ್ಕೆ ಕಳೆದ ವರ್ಷವೇ ಆಯ್ಕೆಯಾಗಿದ್ದವಳು, ಈ ವರ್ಷ ಪದಕದ ಆಸೆ ಇಟ್ಟುಕೊಂಡವಳು. ಅಪ್ಪನಿಗೆ ನೌಕರಿಯ ಚಿಂತೆ, ಅಮ್ಮನಿಗೆ ಊರಿನ ಮನೆಯ ಚಿಂತೆ, ಹುಡುಗಿಗೆ ಟ್ರ್ಯಾಕಿನ ಚಿಂತೆ. ಮೂರನೆಯದನ್ನು ಯಾರೂ ಚಿಂತೆಯೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈ ಪ್ರಶ್ನೆ ನಮ್ಮ ಬಳಿಗೆ ಬಂದದ್ದು ಇದು ಮೊದಲ ಸಲವಲ್ಲ. 2023ರಲ್ಲಿ ನಮ್ಮದೇ ಕಟ್ಟಡದ ಒಂದು ಕುಟುಂಬ ಆಗಸ್ಟ್ ಮಧ್ಯದಲ್ಲಿ ಊರಿಗೆ ಹೋಯಿತು. ಹುಡುಗ ಒಂಬತ್ತನೇ ತರಗತಿ, ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ. ಇಲ್ಲಿನ ಶಾಲೆಯ ಪಟ್ಟಿಯಲ್ಲಿ ಅವನ ಹೆಸರಿತ್ತು, ಹುಡುಗ ಇರಲಿಲ್ಲ. ಊರಿನ ಶಾಲೆಯಲ್ಲಿ ಹುಡುಗ ಇದ್ದ, ಪಟ್ಟಿಯಲ್ಲಿ ಹೆಸರಿರಲಿಲ್ಲ, ಏಕೆಂದರೆ ಹೆಸರು ಕಳಿಸುವ ದಿನ ದಾಟಿತ್ತು. "ಮುಂದಿನ ವರ್ಷ ನೋಡುವ" ಎಂದರು ಅಲ್ಲಿನ ಪಿ.ಟಿ. ಮಾಸ್ಟರು. ಮುಂದಿನ ವರ್ಷ ಹತ್ತನೇ ತರಗತಿ, ಟ್ಯೂಷನ್, ಬೋರ್ಡ್ ಪರೀಕ್ಷೆ. ಅದರ ಮುಂದಿನ ವರ್ಷ ನೋಡಿದರೆ ವಯಸ್ಸು ಮೀರಿತ್ತು! ಹುಡುಗ ಹುಟ್ಟಿದ್ದು 2008ರ ಡಿಸೆಂಬರ್ 20ಕ್ಕೆ. 2025ರಲ್ಲಿ 17ರ ಒಳಗಿನವರ ವಿಭಾಗಕ್ಕೆ 2009ರ ಜನವರಿ 1 ಅಥವಾ ಅನಂತರ ಹುಟ್ಟಿದವರೇ ಆಗಬೇಕು. ಹನ್ನೆರಡು ದಿನದಲ್ಲಿ ತಪ್ಪಿತು. ಈಗ ಅವನು ಹದಿನೆಂಟರ ಹುಡುಗರ ಜೊತೆ ಆಡಬೇಕು. ಇದರಲ್ಲಿ ಯಾರೂ ಅನ್ಯಾಯ ಮಾಡಿದ್ದಲ್ಲ. ನಿಯಮ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.

ಆದ್ದರಿಂದ ಗೊತ್ತಿರುವಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಊರಿಗೆ ಹೋಗುವವರಿಗೆ, ದುಬೈ-ಅಬುಧಾಬಿ ನಡುವೆ ಓಡಾಡುವವರಿಗೆ, ಇಲ್ಲಿಂದ ಅಮೆರಿಕಕ್ಕೆ ಹಾರುವವರಿಗೆ, ಎಲ್ಲರಿಗೂ ಒಂದಿಷ್ಟು ಉಪಯೋಗವಾದೀತು.

ಮೊದಲು ಏಣಿ ಯಾವುದು ನೋಡಿ

ನಮ್ಮಲ್ಲಿ ಬಹಳ ಜನ ತಿಳಿದಿರುವುದು ಹೀಗೆ: ಮಗು ಚೆನ್ನಾಗಿ ಆಡಿದರೆ ಶಾಲೆ, ಜಿಲ್ಲೆ, ರಾಜ್ಯ, ದೇಶ ಎಂದು ಒಂದೇ ಮೆಟ್ಟಿಲಿನಲ್ಲಿ ಮೇಲೆ ಹೋಗುತ್ತದೆ ಎಂದು. ಹಾಗಿಲ್ಲ. ಭಾರತದ ಶಾಲಾ ಕ್ರೀಡೆಯಲ್ಲಿ ಏಣಿಗಳೇ ಬೇರೆ ಬೇರೆ. ಯಾವ ಬೋರ್ಡಿನ ಶಾಲೆಯೋ ಆ ಬೋರ್ಡಿನ ಏಣಿ.

ಸಿಬಿಎಸ್‌ಇ ಶಾಲೆಗಳಿಗೆ ಬೋರ್ಡೇ ಅಂತರಶಾಲಾ ಕ್ರೀಡಾಕೂಟ ನಡೆಸುತ್ತದೆ. ಕ್ಲಸ್ಟರ್ ಮಟ್ಟದಲ್ಲಿ ಆರಂಭವಾಗಿ ರಾಷ್ಟ್ರಮಟ್ಟದವರೆಗೆ ಹೋಗುತ್ತದೆ. ಯುಎಇಯ ಸಿಬಿಎಸ್‌ಇ ಶಾಲೆಗಳ ಮಕ್ಕಳೂ ಇಲ್ಲಿ ಕ್ಲಸ್ಟರ್‌ನಲ್ಲಿ ಗೆದ್ದು ಭಾರತಕ್ಕೆ ಹೋಗಿ ಆಡಿ ಬರುತ್ತಾರೆ. ಐಸಿಎಸ್‌ಇ ಶಾಲೆಗಳಿಗೆ ಅವರದೇ ಕೌನ್ಸಿಲಿನ ಕೂಟ. ಕೇಂದ್ರೀಯ ವಿದ್ಯಾಲಯಕ್ಕೆ ಬೇರೆ, ನವೋದಯಕ್ಕೆ ಬೇರೆ. ಕರ್ನಾಟಕ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಶಿಕ್ಷಣ ಇಲಾಖೆಯ ಕೂಟ: ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ವಿಭಾಗ ಎಂದರೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ನಮ್ಮ ದಕ್ಷಿಣ ಕನ್ನಡ, ಉಡುಪಿಯವರು ಮೈಸೂರು ವಿಭಾಗದಲ್ಲಿ ಬರುತ್ತಾರೆ. ಪಿಯುಸಿ ಮಕ್ಕಳಿಗೆ ಪದವಿಪೂರ್ವ ಶಿಕ್ಷಣ ಇಲಾಖೆಯ ಕೂಟ ಪ್ರತ್ಯೇಕ.

ಈ ಏಣಿಗಳೆಲ್ಲ ತುದಿಯಲ್ಲಿ ಒಂದು ಕಡೆ ಸೇರುತ್ತವೆ. ಅದು ಸ್ಕೂಲ್ ಗೇಮ್ಸ್ ಫೆಡರೇಷನ್ ಆಫ್ ಇಂಡಿಯಾ, ಅಂದರೆ ಎಸ್‌ಜಿಎಫ್‌ಐ ನಡೆಸುವ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಅಲ್ಲಿ ಕರ್ನಾಟಕ ಒಂದು ಘಟಕ, ಕೇರಳ ಒಂದು ಘಟಕ, ಸಿಬಿಎಸ್‌ಇ ಒಂದು ಘಟಕ, ಕೇಂದ್ರೀಯ ವಿದ್ಯಾಲಯ ಮತ್ತೊಂದು.

ಇದರ ಅರ್ಥ ಏನು? ಅಬುಧಾಬಿಯ ಸಿಬಿಎಸ್‌ಇ ಶಾಲೆಯ ಹುಡುಗಿ ಮಂಗಳೂರಿನ ಸಿಬಿಎಸ್‌ಇ ಶಾಲೆಗೆ ಸೇರಿದರೆ ಏಣಿ ಅದೇ, ಕ್ಲಸ್ಟರ್ ಮಾತ್ರ ಬೇರೆ. ಅದೇ ಹುಡುಗಿ ರಾಜ್ಯ ಪಠ್ಯಕ್ರಮದ ಶಾಲೆಗೆ ಸೇರಿದರೆ ಏಣಿಯೇ ಬೇರೆ, ವಲಯದ ಕೂಟದಿಂದ ಆರಂಭಿಸಬೇಕು. ಇಲ್ಲಿ ಗೆದ್ದ ಪದಕವನ್ನು ತೋರಿಸಿ ನೇರವಾಗಿ ಜಿಲ್ಲಾ ಮಟ್ಟದಲ್ಲಿ ಓಡುತ್ತೇನೆ ಎನ್ನುವಂತಿಲ್ಲ. ಯಾವುದು ಒಳ್ಳೆಯದು ಎಂದು ಕೇಳಿದರೆ, ಅದು ಆಟದ ಮೇಲೆ ಹೋಗುತ್ತದೆ. ಅಥ್ಲೆಟಿಕ್ಸ್, ಕಬಡ್ಡಿ, ವಾಲಿಬಾಲ್‌ಗಳಲ್ಲಿ ನಮ್ಮ ಕರಾವಳಿಯ ರಾಜ್ಯ ಪಠ್ಯಕ್ರಮದ ಶಾಲೆಗಳ ಪೈಪೋಟಿ ಬಲು ಜೋರು. ತಾಲ್ಲೂಕು ಮಟ್ಟದಲ್ಲೇ ಬೆವರಿಳಿಯುತ್ತದೆ.

ಡಿಸೆಂಬರ್ 31 ಎಂಬ ಗೋಡೆ

ಎಸ್‌ಜಿಎಫ್‌ಐಯಲ್ಲೂ ಸಿಬಿಎಸ್‌ಇಯಲ್ಲೂ ಮೂರು ವಿಭಾಗ: 14ರ ಒಳಗೆ, 17ರ ಒಳಗೆ, 19ರ ಒಳಗೆ. ವಯಸ್ಸನ್ನು ಲೆಕ್ಕ ಹಾಕುವುದು ಆ ವರ್ಷದ ಡಿಸೆಂಬರ್ 31ಕ್ಕೆ. 2025ರ ಕೂಟಗಳಿಗೆ 2012ರ ಜನವರಿ 1 ಅಥವಾ ಅನಂತರ ಹುಟ್ಟಿದವರು 14ರ ಒಳಗಿನವರು, 2009ರ ಜನವರಿ 1 ಅಥವಾ ಅನಂತರದವರು 17ರ ಒಳಗಿನವರು, 2007ರ ಜನವರಿ 1 ಅಥವಾ ಅನಂತರದವರು 19ರ ಒಳಗಿನವರು. ಪ್ರತಿ ವರ್ಷ ಒಂದೊಂದು ವರ್ಷ ಮುಂದೆ ಸರಿಸಿಕೊಳ್ಳಿ.

ಇಲ್ಲಿ ಬ್ರಿಟಿಷ್ ಪಠ್ಯಕ್ರಮದ ಶಾಲೆಯಲ್ಲಿ ಓದುವ ಮಕ್ಕಳಿಗೆ ಒಂದು ವಿಚಿತ್ರ ಆಗುತ್ತದೆ. ಇಂಗ್ಲೆಂಡಿನ ಪದ್ಧತಿಯಲ್ಲಿ ವಯಸ್ಸಿನ ಗೆರೆ ಎಳೆಯುವುದು ಆಗಸ್ಟ್ 31ಕ್ಕೆ. ಅಕ್ಟೋಬರಿನಲ್ಲಿ ಹುಟ್ಟಿದ ಹುಡುಗ ಅಲ್ಲಿ ತನ್ನ ಗುಂಪಿನಲ್ಲಿ ದೊಡ್ಡವನು. ಅದೇ ಹುಡುಗ ಭಾರತೀಯ ಪದ್ಧತಿಗೆ ಬಂದರೆ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಹುಟ್ಟಿದವರೆಲ್ಲ ಅವನಿಗಿಂತ ದೊಡ್ಡವರು, ಇವನು ಕೊನೆಯ ಸಾಲಿನವನು. ನಿನ್ನೆವರೆಗೆ ಎಲ್ಲರನ್ನೂ ಸೋಲಿಸುತ್ತಿದ್ದವನು ಊರಿಗೆ ಹೋಗಿ ಸೋಲುತ್ತಿದ್ದಾನೆ ಎಂದು ಬೈಯಬೇಡಿ. ಒಂದು ಸಲ ಹುಟ್ಟಿದ ತಾರೀಖುಗಳನ್ನು ಹೋಲಿಸಿ ನೋಡಿ.

ವಯಸ್ಸಿನ ದಾಖಲೆ ಬಗ್ಗೆ ಭಾರತದಲ್ಲಿ ಬಹಳ ಬಿಗಿ ಮಾಡಿದ್ದಾರೆ, ಅದಕ್ಕೆ ಕಾರಣವೂ ಇದೆ. ವಯಸ್ಸು ಮುಚ್ಚಿಡುವುದು ನಮ್ಮಲ್ಲಿ ಹಳೆಯ ರೋಗ. ಬಿಸಿಸಿಐ ಕಿರಿಯರ ಕ್ರಿಕೆಟ್‌ನಲ್ಲಿ ಮಣಿಕಟ್ಟಿನ ಎಲುಬಿನ ಎಕ್ಸ್-ರೇ ತೆಗೆದು ವಯಸ್ಸು ಅಂದಾಜು ಮಾಡುತ್ತದೆ. ಗಲ್ಫಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಡಲೇ ಜನನ ಪ್ರಮಾಣಪತ್ರ, ಆಮೇಲೆ ರಾಯಭಾರ ಕಚೇರಿಯಲ್ಲಿ ನೋಂದಣಿ, ಪಾಸ್‌ಪೋರ್ಟ್, ಎಲ್ಲದರಲ್ಲೂ ಒಂದೇ ತಾರೀಖು. ತೊಂದರೆ ಬರುವುದು ಹೆಸರಿನಲ್ಲಿ. ಒಂದರಲ್ಲಿ ಅಪ್ಪನ ಹೆಸರು ಸೇರಿ, ಇನ್ನೊಂದರಲ್ಲಿ ಬರೇ ಇನಿಷಿಯಲ್, ಮತ್ತೊಂದರಲ್ಲಿ ಮನೆತನದ ಹೆಸರು. ಅರಬ್ಬಿಯಿಂದ ಇಂಗ್ಲಿಷಿಗೆ ಬರುವಾಗ ಒಂದು ಅಕ್ಷರ ಹೆಚ್ಚು ಕಡಿಮೆ. ಇದನ್ನು ಇಲ್ಲಿರುವಾಗಲೇ ಸರಿ ಮಾಡಿಸಿಕೊಳ್ಳಿ, ಊರಿಗೆ ಹೋದ ಮೇಲೆ ಅಬುಧಾಬಿಯ ಕಾಗದ ತಿದ್ದಿಸುವುದು ದೊಡ್ಡ ಸಾಹಸ.

ಆಧಾರ್ ಕೂಡ ಕೇಳುತ್ತಾರೆ. ಅನಿವಾಸಿಗಳಿಗೆ ಮೊದಲು 182 ದಿನ ಭಾರತದಲ್ಲಿ ಇದ್ದ ಮೇಲೆಯೇ ಆಧಾರ್ ಎಂಬ ನಿಯಮ ಇತ್ತು. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳಿಗೆ ಆ ಕಾಯುವಿಕೆಯನ್ನು 2019ರಲ್ಲಿ ತೆಗೆದುಹಾಕಿದರು. ರಜೆಗೆ ಊರಿಗೆ ಹೋದಾಗಲೇ ಮಾಡಿಸಿಡಬಹುದು.

ಒಂಬತ್ತರಿಂದ ಹತ್ತಕ್ಕೆ ಹೋಗುವಾಗ

ಶಾಲಾ ಕ್ರೀಡೆಯ ಮೊದಲ ನಿಯಮ ಬಹಳ ಸರಳ. ಯಾವ ಶಾಲೆಯಲ್ಲಿ ಓದುತ್ತಿದ್ದೀರೋ ಆ ಶಾಲೆಯ ಪರವಾಗಿಯೇ ಆಡಬೇಕು. ಅರ್ಹತಾ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಇರಬೇಕು, ದಾಖಲಾತಿ ಪುಸ್ತಕದಲ್ಲಿ ಹೆಸರಿರಬೇಕು. ಆದ್ದರಿಂದ ಆಟದ ಅರ್ಹತೆ ಎಂಬುದು ಕೊನೆಗೆ ದಾಖಲಾತಿಯ ಪ್ರಶ್ನೆಯೇ ಆಗುತ್ತದೆ. ದಾಖಲಾತಿ ತಡವಾದರೆ ಆಟವೂ ತಡ.

ಸಿಬಿಎಸ್‌ಇಯಲ್ಲಿ ಒಂಬತ್ತು ಮತ್ತು ಹನ್ನೊಂದನೇ ತರಗತಿಯಲ್ಲಿ ಮಕ್ಕಳ ಹೆಸರನ್ನು ಬೋರ್ಡಿನಲ್ಲಿ ನೋಂದಾಯಿಸುತ್ತಾರೆ. ಹತ್ತು ಮತ್ತು ಹನ್ನೆರಡು ಆ ನೋಂದಣಿಯ ಮುಂದುವರಿಕೆ. ಹೀಗಾಗಿ ಎಂಟರಿಂದ ಒಂಬತ್ತಕ್ಕೆ ಹೋಗುವಾಗ, ಅಥವಾ ಹತ್ತು ಮುಗಿಸಿ ಹನ್ನೊಂದಕ್ಕೆ ಹೋಗುವಾಗ ಶಾಲೆ ಬದಲಿಸುವುದು ಸುಲಭ. ಒಂಬತ್ತು ಮುಗಿಸಿ ಹತ್ತಕ್ಕೆ, ಹನ್ನೊಂದು ಮುಗಿಸಿ ಹನ್ನೆರಡಕ್ಕೆ ಬೇರೆ ಶಾಲೆಗೆ ಹೋಗಬೇಕಾದರೆ ಬೋರ್ಡಿನ ಅನುಮತಿ ಬೇಕು, ಕಾರಣ ತೋರಿಸಬೇಕು, ಆ ಕಾರಣಕ್ಕೆ ಕಾಗದ ಇಡಬೇಕು. ತಂದೆ ಅಥವಾ ತಾಯಿಯ ವರ್ಗಾವಣೆ, ಮನೆ ಬದಲಾವಣೆ ಒಪ್ಪುವ ಕಾರಣಗಳು. ಕಂಪನಿಯ ಪತ್ರ, ವೀಸಾ ರದ್ದಾದ ದಾಖಲೆ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. "ವೀಸಾ ಕ್ಯಾನ್ಸಲ್ ಆಯ್ತು, ಇನ್ನು ಆ ಪೇಪರ್ ಎಂತಕ್ಕೆ" ಎಂದು ಬಿಸಾಡಿದವರನ್ನು ನಾವು ಕಂಡಿದ್ದೇವೆ! ಈಗ ಒಂದು ಅನುಕೂಲವೆಂದರೆ, ಮೊದಲು ಎಲ್ಲದಕ್ಕೂ ದೆಹಲಿಯತ್ತ ಮುಖ ಮಾಡಬೇಕಿತ್ತು, 2024ರಲ್ಲಿ ದುಬೈಯಲ್ಲೇ ಸಿಬಿಎಸ್‌ಇಯ ಕಚೇರಿ ಆರಂಭವಾಗಿದೆ.

ಟಿ.ಸಿ. ಬಗ್ಗೆ ಒಂದು ಮಾತು. ಇಲ್ಲಿನ ಶಾಲೆ ಕೊಟ್ಟ ಟಿ.ಸಿ.ಗೆ ಇಲ್ಲಿನ ಶಿಕ್ಷಣ ಪ್ರಾಧಿಕಾರದ ಮುದ್ರೆ (ಅಬುಧಾಬಿಯಲ್ಲಿ ಅಡೆಕ್, ದುಬೈಯಲ್ಲಿ ಕೆಎಚ್‌ಡಿಎ), ಮೇಲೆ ವಿದೇಶಾಂಗ ಸಚಿವಾಲಯದ್ದು, ನಮ್ಮ ರಾಯಭಾರ ಕಚೇರಿಯದ್ದು ಎಂದು ಊರಿನ ಶಾಲೆಗಳು ಕೇಳುವುದುಂಟು. ಸೇರಲಿರುವ ಶಾಲೆಗೆ ಫೋನ್ ಮಾಡಿ ಯಾವ ಯಾವ ಮುದ್ರೆ ಬೇಕು ಎಂದು ಮೊದಲೇ ಕೇಳಿಕೊಳ್ಳಿ. ಜುಲೈ, ಆಗಸ್ಟಿನಲ್ಲಿ ಇಲ್ಲಿ ಶಾಲೆಗಳಿಗೆ ಬೇಸಿಗೆ ರಜೆ, ಆಫೀಸಿನಲ್ಲಿ ಸಹಿ ಹಾಕುವವರು ಸಿಗುವುದು ಕಷ್ಟ. ನಮ್ಮ ಕಟ್ಟಡದ ಹುಡುಗನ ಕಥೆ ಕೆಟ್ಟದ್ದು ಅಲ್ಲೇ.

ಅತ್ತ ಕರ್ನಾಟಕದಲ್ಲಿ ಶಾಲೆ ಶುರುವಾಗುವುದು ಮೇ ಕೊನೆಗೆ ಅಥವಾ ಜೂನ್‌ಗೆ. ಮಳೆ ಸ್ವಲ್ಪ ಕಡಿಮೆಯಾಗುತ್ತಿದ್ದಂತೆ ವಲಯ, ತಾಲ್ಲೂಕು ಕೂಟಗಳು ಶುರು. ಆಗಸ್ಟ್ ಕೊನೆಗೆ ಊರು ಸೇರಿದರೆ ಆ ಹೊತ್ತಿಗೆ ಬಸ್ಸು ಹೊರಟು ಹೋಗಿರುತ್ತದೆ. ಜೂನ್ ಮೊದಲ ವಾರ ಶಾಲೆಗೆ ಸೇರಿದ ಮಗು ಅದೇ ವರ್ಷ ಓಡಬಹುದು. ಎರಡು ತಿಂಗಳ ವ್ಯತ್ಯಾಸಕ್ಕೆ ಒಂದು ವರ್ಷ ಹೋಗುತ್ತದೆ.

ಹತ್ತನೇ ತರಗತಿ ಬಂದರೆ ಆಟ ಬಿಡಲೇಬೇಕು ಎಂಬುದು ನಮ್ಮವರ ನಂಬಿಕೆ. ಬೋರ್ಡಿನ ನಿಯಮ ಅಷ್ಟು ಕಠಿಣವಾಗಿಲ್ಲ. ಪರೀಕ್ಷೆಗೆ ಕೂರಲು 75 ಶೇಕಡಾ ಹಾಜರಿ ಬೇಕು ನಿಜ, ಆದರೆ ಮೇಲಿನ ಮಟ್ಟದ ಕೂಟಗಳಿಗೆ ಹೋದ ಮಕ್ಕಳಿಗೆ ವಿನಾಯಿತಿ ಇದೆ, ಶಾಲೆ ದಾಖಲೆ ಇಟ್ಟಿರಬೇಕು. 2018ರಲ್ಲಿ ಹರಿಯಾಣದ ಅನೀಶ್ ಭನ್ವಾಲಾ ಎಂಬ ಶೂಟಿಂಗ್ ಹುಡುಗನಿಗೆ ಹತ್ತನೆಯ ಪರೀಕ್ಷೆ ಮತ್ತು ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟ ಒಂದೇ ಹೊತ್ತಿಗೆ ಬಂದವು. ಸಿಬಿಎಸ್‌ಇ ಅವನ ಪರೀಕ್ಷೆಯನ್ನು ಆಮೇಲೆ ಇಟ್ಟುಕೊಂಡಿತು, ಹದಿನೈದರ ಹುಡುಗ ಹೋಗಿ ಚಿನ್ನ ತಂದ! 2026ರಿಂದ ಹತ್ತನೇ ತರಗತಿಗೆ ವರ್ಷಕ್ಕೆ ಎರಡು ಬೋರ್ಡ್ ಪರೀಕ್ಷೆಯ ಪದ್ಧತಿ ಬಂದಿದೆ. ಕೂಟದ ದಿನವೇ ಪರೀಕ್ಷೆ ಬಿದ್ದ ಕ್ರೀಡಾಪಟುಗಳಿಗೆ ಆ ವಿಷಯಗಳನ್ನು ಎರಡನೇ ಸರದಿಯಲ್ಲಿ ಬರೆಯುವ ಅವಕಾಶ ಕೊಟ್ಟಿದ್ದಾರೆ.

ಕಾಸರಗೋಡಿನವರಿಗೆ

ನಮ್ಮ ಸಂಘದಲ್ಲಿ ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡಿಗರು ಬಹಳ ಜನ ಇದ್ದಾರೆ. ಅವರ ಮಕ್ಕಳು ಊರಿಗೆ ಹೋಗಿ ಕನ್ನಡ ಮಾಧ್ಯಮ ಶಾಲೆಗೆ ಸೇರಿದರೂ ಆಡುವುದು ಕೇರಳದ ಏಣಿಯಲ್ಲಿ, ಉಪಜಿಲ್ಲೆ, ಕಂದಾಯ ಜಿಲ್ಲೆ, ರಾಜ್ಯ ಎಂಬ ಕ್ರಮದಲ್ಲಿ. ತಲಪಾಡಿ ದಾಟಿ ಮಂಗಳೂರಿನ ಶಾಲೆಗೆ ದಿನಾ ಹೋಗಿ ಬರುವ ಮಗು ಕರ್ನಾಟಕದ್ದಾಗುತ್ತದೆ. ಮನೆ ಎಲ್ಲಿದೆ ಎಂಬುದಲ್ಲ, ಶಾಲೆ ಎಲ್ಲಿದೆ ಎಂಬುದು ಮುಖ್ಯ.

ಕೇರಳದವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. 2024ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ನಡೆದ ರಾಜ್ಯ ಶಾಲಾ ಕ್ರೀಡಾಮೇಳಕ್ಕೆ ಯುಎಇಯಲ್ಲಿ ಕೇರಳ ಪಠ್ಯಕ್ರಮ ಕಲಿಸುವ ಶಾಲೆಗಳ ಮಕ್ಕಳನ್ನೂ ಮೊದಲ ಸಲ ಸೇರಿಸಿಕೊಂಡರು. ಇಲ್ಲಿ ಓದುತ್ತಲೇ ಅಲ್ಲಿನ ರಾಜ್ಯ ಕೂಟದಲ್ಲಿ ಓಡಿದರು. ಅದೇ ಮೇಳದ ಕೊನೆಯ ದಿನ ಜಗಳವೂ ಆಯಿತು. ಆಯ್ದ ಮಕ್ಕಳನ್ನು ಇಟ್ಟುಕೊಂಡು ತರಬೇತಿ ಕೊಡುವ ಕ್ರೀಡಾಶಾಲೆಯನ್ನು ಸಾಮಾನ್ಯ ಶಾಲೆಗಳ ಜೊತೆ ಒಂದೇ ಪಟ್ಟಿಯಲ್ಲಿ ಸೇರಿಸಿ ಬಹುಮಾನ ಕೊಟ್ಟದ್ದು ಸರಿಯೇ ಎಂದು ಬೇರೆ ಶಾಲೆಯವರು ಪ್ರತಿಭಟಿಸಿದರು. ಕರ್ನಾಟಕಕ್ಕೆ ರಾಜ್ಯ ಪಠ್ಯಕ್ರಮದ ಶಾಲೆ ಇಲ್ಲಿ ಇಲ್ಲ, ಹಾಗಾಗಿ ನಮಗೆ ಆ ದಾರಿ ಇಲ್ಲ.

ಅಮೆರಿಕದಲ್ಲಿ ಕೂರಿಸುತ್ತಾರೆ

ಆ ಜಗಳದ ಮೂಲ ಪ್ರಶ್ನೆಯೇ ಅಮೆರಿಕದಲ್ಲಿ ದೊಡ್ಡ ಶಾಸ್ತ್ರವಾಗಿ ಬೆಳೆದಿದೆ. ಒಳ್ಳೆಯ ಆಟಗಾರರನ್ನು ಒಂದು ಶಾಲೆ ಇನ್ನೊಂದು ಶಾಲೆಯಿಂದ ಎಳೆದುಕೊಳ್ಳಬಾರದು ಎಂದು ಅಲ್ಲಿ ಹೈಸ್ಕೂಲ್ ಮಕ್ಕಳಿಗೆ ಶಾಲೆ ಬದಲಿಸಿದರೆ ಆಟದಿಂದ ಹೊರಗೆ ಕೂರಿಸುವ ನಿಯಮ ಇದೆ. ಪ್ರತಿ ರಾಜ್ಯಕ್ಕೂ ಒಂದು ಸಂಸ್ಥೆ, ಪ್ರತಿ ಸಂಸ್ಥೆಗೂ ಒಂದು ಪುಸ್ತಕ.

ಕ್ಯಾಲಿಫೋರ್ನಿಯಾದಲ್ಲಿ ಇಡೀ ಕುಟುಂಬ ನಿಜವಾಗಿ ಮನೆ ಬದಲಿಸಿದ್ದರೆ ಹೊಸ ಶಾಲೆಯಲ್ಲಿ ಕೂಡಲೇ ಆಡಬಹುದು. ಮನೆ ಬದಲಿಸದೆ ಮೊದಲ ಸಲ ಶಾಲೆ ಮಾತ್ರ ಬದಲಿಸಿದರೆ ಋತುವಿನ ಒಂದು ಭಾಗ ಹೊರಗೆ ಕೂತು ಆಮೇಲೆ ಆಡಬಹುದು. ಎರಡನೇ ಸಲ ಹಾಗೆ ಮಾಡಿದರೆ, ಹಿಂದೆ ಆಡಿದ ಆಟದಲ್ಲಿ ಒಂದು ವರ್ಷ ಶಾಲೆಯ ಮುಖ್ಯ ತಂಡಕ್ಕೆ ಪ್ರವೇಶವಿಲ್ಲ, ಕಿರಿಯ ತಂಡದಲ್ಲಿ ಆಡಬಹುದು. ಟೆಕ್ಸಾಸ್‌ನಲ್ಲಿ ಹಿಂದಿನ ಶಾಲೆಯಲ್ಲಿ ಏನೇನು ಆಡಿದ್ದೀರಿ ಎಂಬ ಫಾರಂ ತುಂಬಬೇಕು. ಶಾಲೆ ಬದಲಿಸಿದ್ದು ಆಟಕ್ಕಾಗಿಯೇ ಎಂದು ಅಲ್ಲಿನ ಸಮಿತಿ ತೀರ್ಮಾನಿಸಿದರೆ ಕನಿಷ್ಠ ಒಂದು ವರ್ಷ ಮುಖ್ಯ ತಂಡದಿಂದ ಹೊರಗೆ. ಅಪ್ಪ ಅಮ್ಮನ ಜೊತೆಗೆ ಆ ಊರಿನಲ್ಲೇ ವಾಸ ಇರಬೇಕು ಎಂಬುದೂ ನಿಯಮ. ಚಿಕ್ಕಪ್ಪನ ಮನೆ ವಿಳಾಸ ಕೊಟ್ಟು ಒಳ್ಳೆಯ ತಂಡದ ಶಾಲೆಗೆ ಸೇರಿಸುವ ನಮ್ಮ ಊರಿನ ಉಪಾಯ ಅಲ್ಲಿ ನಡೆಯುವುದಿಲ್ಲ!

ಅಬುಧಾಬಿಯಿಂದ ಡಲ್ಲಾಸ್‌ಗೋ ಫ್ರೀಮಾಂಟ್‌ಗೋ ಕುಟುಂಬ ಸಮೇತ ಹೋಗುವವರಿಗೆ ಈ ಕೂರಿಸುವ ನಿಯಮ ಸಾಮಾನ್ಯವಾಗಿ ತಟ್ಟುವುದಿಲ್ಲ, ಮನೆ ಬದಲಾವಣೆ ನಿಜವಾದದ್ದೇ. ಆದರೆ ವಯಸ್ಸು ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದು, ಕ್ಯಾಲಿಫೋರ್ನಿಯಾದಲ್ಲಿ ಜೂನ್ 15ರ ಮೊದಲು 19 ತುಂಬಿದರೆ ಮುಂದಿನ ಋತು ಇಲ್ಲ. ಒಂಬತ್ತನೇ ತರಗತಿ ಸೇರಿದ ದಿನದಿಂದ ಎಂಟು ಸೆಮಿಸ್ಟರ್ ಲೆಕ್ಕವೂ ಓಡುತ್ತಿರುತ್ತದೆ. ಅಲ್ಲಿ ಸಲೀಸಾಗಲಿ ಎಂದು ಮಗುವನ್ನು ಒಂದು ತರಗತಿ ಹಿಂದೆ ಸೇರಿಸುವವರು ಇದನ್ನು ಯೋಚಿಸಬೇಕು, ಕೊನೆಯ ವರ್ಷದ ಆಟ ಕೈತಪ್ಪಬಹುದು.

ಕ್ರಿಕೆಟ್, ಫುಟ್‌ಬಾಲ್

ಶಾಲೆಯ ಹೊರಗಿನ ಆಟಕ್ಕೆ ನಿಯಮವೇ ಬೇರೆ. ಕ್ರಿಕೆಟ್‌ನಲ್ಲಿ ಊರಿಗೆ ಹೋದ ಕೂಡಲೇ ಕರ್ನಾಟಕದ ಕಿರಿಯರ ತಂಡದ ಆಯ್ಕೆಗೆ ನಿಲ್ಲಬಹುದು ಎಂದುಕೊಳ್ಳಬೇಡಿ. ಆ ರಾಜ್ಯದಲ್ಲಿ ಹುಟ್ಟಿರಬೇಕು, ಇಲ್ಲವೇ ಒಂದು ವರ್ಷದಿಂದ ಅಲ್ಲಿ ಓದುತ್ತಲೋ ವಾಸಿಸುತ್ತಲೋ ಇರಬೇಕು. ಹೆರಿಗೆಗೆ ತವರಿಗೆ ಹೋಗುವ ನಮ್ಮ ಪದ್ಧತಿ ಇಲ್ಲಿ ಉಪಯೋಗಕ್ಕೆ ಬಂತು ನೋಡಿ! ಇಲ್ಲಿ ಹುಟ್ಟಿದವರು ಒಂದು ವರ್ಷ ಕ್ಲಬ್ ಕ್ರಿಕೆಟ್ ಆಡುತ್ತ ಕಾಯಬೇಕಾಗುತ್ತದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವರಿಗೆ ಹಳೆಯ ಸಂಸ್ಥೆಯ ನಿರಾಕ್ಷೇಪಣಾ ಪತ್ರವೂ ಬೇಕು. ನಮ್ಮ ಕರುಣ್ ನಾಯರ್ 2023ರಲ್ಲಿ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗಿ, ರಣಜಿ ಗೆದ್ದು, 2025ರಲ್ಲಿ ಮರಳಿ ಬಂದರಲ್ಲ, ಅವರೂ ಆ ಪತ್ರ ಪಡೆದೇ ಹೋಗಿ ಬಂದದ್ದು.

ಇನ್ನು ದೇಶದ ತಂಡಕ್ಕೆ ಐಸಿಸಿ ಮೂರು ಬಾಗಿಲು ಇಟ್ಟಿದೆ: ಆ ದೇಶದಲ್ಲಿ ಜನನ, ಪೌರತ್ವ, ಅಥವಾ ಮೂರು ವರ್ಷದ ವಾಸ. ಯುಎಇ ತಂಡದಲ್ಲಿ ಭಾರತ, ಪಾಕಿಸ್ತಾನ ಮೂಲದ ಹುಡುಗರೇ ತುಂಬಿರುವುದು ಇದರಿಂದಲೇ. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಬೆಳೆದ ನೊಸ್ತುಷ್ ಕೆಂಜಿಗೆ ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕದ ಪರ ಪಾಕಿಸ್ತಾನದ ಮೂರು ವಿಕೆಟ್ ಕಿತ್ತರು.

ಫುಟ್‌ಬಾಲ್ ಬಗ್ಗೆ ಗೊತ್ತಿರಬೇಕಾದ ವಿಷಯ ಒಂದೇ, ಆದರೆ ದೊಡ್ಡದು. ಫಿಫಾ ನಿಯಮದಂತೆ 18 ವರ್ಷದೊಳಗಿನ ಆಟಗಾರ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋಗುವಂತಿಲ್ಲ. ಕೆಲವು ವಿನಾಯಿತಿಗಳಲ್ಲಿ ನಮಗೆ ಬೇಕಾದದ್ದು, ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಹೆತ್ತವರು ದೇಶ ಬದಲಿಸಿದ್ದರೆ ಎಂಬುದು. ನೌಕರಿ ಮುಗಿದು ಊರಿಗೆ ಹೋಗುವುದು ಅಂಥದ್ದೇ, ಆದರೆ ಕಾಗದದಲ್ಲಿ ತೋರಿಸಬೇಕು. ಹತ್ತು ವರ್ಷ ದಾಟಿದ ಮಗು ಇಲ್ಲಿ ಯಾವುದಾದರೂ ಕ್ಲಬ್ಬಿನಲ್ಲಿ ಅಧಿಕೃತವಾಗಿ ನೋಂದಾಯಿಸಿದ್ದರೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ತರಿಸಬೇಕು. ಸಂಜೆಯ ಕೋಚಿಂಗ್ ಕ್ಲಾಸಿಗೆ ಹೋದದ್ದಕ್ಕೆ ಇದು ಅನ್ವಯಿಸದು, ನೋಂದಣಿ ಆಗಿದೆಯೇ ಎಂದು ಮಾತ್ರ ವಿಚಾರಿಸಿಕೊಳ್ಳಿ.

ವಿದೇಶಿ ಪಾಸ್‌ಪೋರ್ಟ್ ಇರುವ ಮಕ್ಕಳ ಹೆತ್ತವರಿಗೆ ಒಂದು ಕಹಿ ಸತ್ಯ. 2008ರ ಕೇಂದ್ರ ಸರ್ಕಾರದ ನೀತಿಯಂತೆ ಭಾರತದ ಪರ ಆಡಲು ಭಾರತೀಯ ಪೌರತ್ವವೇ ಬೇಕು, ಓಸಿಐ ಕಾರ್ಡ್ ಸಾಲದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡದ್ದು ಅದಕ್ಕೇ.

ಶಾಲೆಯ ಏಣಿ ತಪ್ಪಿದರೆ

ಇಲ್ಲೇ ಅಬುಧಾಬಿಯೊಳಗೆ ಶಾಲೆ ಬದಲಿಸುವವರಿಗೆ ಎರಡು ಮಾತು ಸಾಕು. ಒಂದು ಕಾಲದಲ್ಲಿ ಈ ನಗರದ ವಿಲ್ಲಾಗಳಲ್ಲೇ ಶಾಲೆಗಳು ನಡೆಯುತ್ತಿದ್ದವು. ಅವನ್ನು ಹಂತ ಹಂತವಾಗಿ ಮುಚ್ಚಿದಾಗ ಹಮ್ದಾನ್ ಸ್ಟ್ರೀಟ್ ಸುತ್ತಮುತ್ತಲಿನ ಮಕ್ಕಳು ಮುಸಫ್ಫಾ ಕಡೆಗೆ ಬಸ್ಸು ಹತ್ತಿದರು. ವಿಲ್ಲಾದಲ್ಲಿ ಅಂಗಳವೇ ಇರಲಿಲ್ಲ, ಹೊಸ ಶಾಲೆಗಳಲ್ಲಿ ಮೈದಾನ ಸಿಕ್ಕಿತು, ಬದಲಿಗೆ ಬೆಳಗಿನ ನಿದ್ದೆ ಹೋಯಿತು. ಬೋರ್ಡು ಅದೇ ಇದ್ದರೆ ಏಣಿ ಅದೇ. ಹೊಸ ಶಾಲೆ ಕ್ಲಸ್ಟರ್‌ಗೆ ಹೆಸರು ಕಳಿಸುವ ಮೊದಲು ದಾಖಲಾತಿ ಮುಗಿದಿರಲಿ, ಅಷ್ಟೆ.

ಊರಿಗೆ ಹೋಗುವವರಿಗೆ ಶಾಲೆಯ ಏಣಿ ಒಂದು ವರ್ಷ ತಪ್ಪಿದರೂ ಫೆಡರೇಷನ್ನಿನ ಏಣಿ ಉಳಿದಿರುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಅಥ್ಲೆಟಿಕ್ಸ್‌ನಲ್ಲಿ ಜಿಲ್ಲಾ ಸಂಸ್ಥೆಯ ಮೂಲಕ ರಾಜ್ಯ ಕಿರಿಯರ ಕೂಟಕ್ಕೆ ಹೋಗಬಹುದು, ಅಲ್ಲಿ ವಯೋಮಿತಿ 14, 16, 18, 20 ಎಂದು ಬೇರೆ. 14 ಮತ್ತು 16ರ ಒಳಗಿನವರಿಗೆ ಜಿಲ್ಲೆಗಳ ನಡುವಿನ ರಾಷ್ಟ್ರೀಯ ಕೂಟವೂ ಇದೆ, ನಿಡ್ಜಾಮ್ ಎನ್ನುತ್ತಾರೆ. ಬ್ಯಾಡ್ಮಿಂಟನ್, ಈಜು ಇವಕ್ಕೂ ಹೀಗೆಯೇ ಸಂಸ್ಥೆಗಳ ನೋಂದಣಿ ಇದೆ. ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇದೆ, ಯುವಜನ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ನಡೆಯುತ್ತದೆ. ಅಲ್ಲಿ ಕೇಳುವುದು ಸಮಯ, ದೂರ, ಅಂಕ. ಆದ್ದರಿಂದ ಇಲ್ಲಿನ ಪ್ರತಿಯೊಂದು ಕೂಟದ ಪ್ರಮಾಣಪತ್ರದ ಜೊತೆ ಫಲಿತಾಂಶದ ಹಾಳೆಯನ್ನೂ ತೆಗೆದಿಡಿ. "ದ್ವಿತೀಯ ಸ್ಥಾನ" ಎಂದರೆ ಅಲ್ಲಿನ ಕೋಚ್‌ಗೆ ಏನೂ ಅರ್ಥವಾಗುವುದಿಲ್ಲ, "62 ಸೆಕೆಂಡ್" ಎಂದರೆ ಅರ್ಥವಾಗುತ್ತದೆ.

ಊರಿನಲ್ಲಿ ಯಾರನ್ನು ಕೇಳಬೇಕು? ಸೇರಲಿರುವ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರನ್ನು ಮೊದಲು. ರಾಜ್ಯ ಪಠ್ಯಕ್ರಮವಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ತಾಲ್ಲೂಕಿನ ದೈಹಿಕ ಶಿಕ್ಷಣ ಪರಿವೀಕ್ಷಕರು ಇರುತ್ತಾರೆ, ಆ ವರ್ಷದ ಸುತ್ತೋಲೆ, ಕೂಟದ ದಿನ ಎಲ್ಲ ಅವರ ಬಳಿ ಇರುತ್ತದೆ. ಆಫೀಸ್ ಕ್ಲರ್ಕ್‌ರನ್ನು ಕೇಳಿದರೆ ಫೀಸಿನ ವಿಷಯ ಮಾತ್ರ ಹೇಳುತ್ತಾರೆ.

ಅಂದು ದೋಸೆ ತಣ್ಣಗಾಗುವವರೆಗೆ ಇಷ್ಟೆಲ್ಲ ಮಾತಾಯಿತು. ಅವರು ಬಿಲ್ಲಿನ ಹಿಂಬದಿಯಲ್ಲಿ ತಾರೀಖುಗಳನ್ನು ಬರೆದುಕೊಂಡರು. ಮಗಳು ಹುಟ್ಟಿದ್ದು ಮಾರ್ಚಿನಲ್ಲಿ, 17ರ ಒಳಗೆ ಇನ್ನೂ ಎರಡು ವರ್ಷ ಇದೆ. ಒಂಬತ್ತನೇ ತರಗತಿಯ ಬೋರ್ಡ್ ನೋಂದಣಿ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ, ಹಾಗಾಗಿ ಈಗ ಹೊರಟರೆ ಆ ತೊಡಕೂ ಇಲ್ಲ.

ವಾರ ಕಳೆದು ಫೋನ್ ಮಾಡಿದರು. ಅಮ್ಮ ಮಗಳು ಜೂನ್ ಮೊದಲ ವಾರಕ್ಕೆ ಟಿಕೆಟ್ ಮಾಡಿದ್ದಾರಂತೆ, ಇವರು ಆಗಸ್ಟ್‌ವರೆಗೆ ಇಲ್ಲಿ ಒಬ್ಬರೇ. ಊರಿನ ಶಾಲೆಯ ಪಿ.ಟಿ. ಮಾಸ್ಟರಿಗೆ ವಾಟ್ಸಾಪ್‌ನಲ್ಲಿ ಮಗಳ ಸಮಯ ಕಳಿಸಿದರಂತೆ.

"ಅವರು ಎಂತ ಹೇಳಿದ್ರು?" ಎಂದು ಕೇಳಿದೆವು.

"ಮಳೆಯಲ್ಲಿ ಮಣ್ಣಿನ ಟ್ರ್ಯಾಕಿನಲ್ಲಿ ಓಡಿ ಅಭ್ಯಾಸ ಉಂಟಾ ಅಂತ ಕೇಳಿದ್ರು. ಇಲ್ಲ ಅಂದೆ. ಹಾಗಾದ್ರೆ ಜೂನಿಂದಲೇ ಬರ್ಲಿ ಅಂದ್ರು."